ಚಿಕಿತ್ಸೆಯ ತೊಡಕಿಗೆ ಅಂಜಬಾರದು
ಮಕ್ಕಳ ರಕ್ತ ಕ್ಯಾನ್ಸರುಗಳಲ್ಲಿ ಪ್ರೊಮೈಲೋಸೈಟಿಕ್ ಲ್ಯುಕೇಮಿಯಾ ವಿರಳವಾದುದು. ಮೊದಲ ದಿನಗಳ ರಕ್ತಸ್ರಾವವೇ ಇದರ ದೊಡ್ಡ ಗಂಡಾಂತರ. ಅದನ್ನು ದಾಟಿದ ಮಕ್ಕಳಲ್ಲಿ ಬಹುಪಾಲು ಗುಣ ಹೊಂದುವರು.

‘ಎ’ ಜೀವಸತ್ವದಿಂದ ರೂಪಿಸಿದ ಟ್ರೆಟಿನಾಯಿನ್ ಹಾಗೂ ಪಾಷಾಣದ ಔಷಧಗಳು ಬಲಿಯದ ರಕ್ತಕಣಗಳನ್ನು ಬಲಿಸುತ್ತವೆ. ಆ ಮೊದಲ ವಾರಗಳಲ್ಲಿ ಜ್ವರ, ಏದುಸಿರು, ಊತ, ಹಠಾತ್ ತೂಕವೇರಿಕೆ ತಲೆದೋರಬಹುದು. ಇದು ಔಷಧ ಸೋತ ಕುರುಹಲ್ಲ. ವೈದ್ಯರು ಕೂಡಲೇ ಸ್ಟೆರಾಯ್ಡ್ ಕೊಟ್ಟರೆ ಸಾಮಾನ್ಯವಾಗಿ ಶಮನವಾಗುವ ತೊಡಕು. ಬಾಗಲಕೋಟೆ, ಬಾದಾಮಿ, ಇಳಕಲ್ಲುಗಳಿಂದ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೆ ಹೋದವರು ಹೆದರಿ ನಡುವೆಯೇ ಊರಿಗೆ ಮರಳಬಾರದು. ಊರಲ್ಲಿರುವಾಗ ಜ್ವರ ಬಂದರೆ ಬೆಳಗಾಗಲೆಂದು ಕಾಯದೆ, ಆ ಗಳಿಗೆಯಲ್ಲಿಯೇ ಹತ್ತಿರದ ಆಸ್ಪತ್ರೆ ಸೇರಬೇಕು.

ದಾನ ಪಡೆದ ಪ್ಲೇಟ್‌ಲೆಟ್‌ಗಳನ್ನು ಸಾಮಾನ್ಯವಾಗಿ 5 ದಿನ ಮಾತ್ರ ಕಾದಿಡಬಹುದು. ಹುನಗುಂದ ಸೀಮೆಯ ಕೂಡಲಸಂಗಮವನ್ನು ನೆನೆಯುವ ನಮಗೆ ರಕ್ತದಾನವೂ ದಾಸೋಹವೇ.