ಹಿಗ್ಗು ಮತ್ತು ಕುಗ್ಗು

ಕನ್ನಡದಲ್ಲಿ ‘ಹಿಗ್ಗು’ ಎಂಬ ಮಾತಿಗೆ ಸಂತೋಷವೆಂದೂ ಅರ್ಥವುಂಟು, ವಿಸ್ತಾರವಾಗುವುದೆಂದೂ ಅರ್ಥವುಂಟು. ಅದರಂತೆಯೇ ‘ಕುಗ್ಗು’ ಎಂದರೆ ಗಾತ್ರವು ಕಿರಿದಾಗುವುದು, ಎದೆಗುಂದುವುದೂ ಅದೇ. ನಮ್ಮ ಹಿರಿಯರು ಈ ಎರಡೆರಡು ಅರ್ಥಗಳನ್ನು ಒಂದೊಂದು ಮಾತಿನಲ್ಲಿ ಕೂಡಿಸಿಟ್ಟುದು ಬರಿಯ ಆಕಸ್ಮಿಕವಲ್ಲವೆಂದು ನಮಗೆ ಬಹುಕಾಲದಿಂದ ತೋರುತ್ತಿತ್ತು. ಈಚಿನ ಮನಶ್ಶಾಸ್ತ್ರಜ್ಞರ ಪರೀಕ್ಷೆಗಳನ್ನು ಓದಿದ ಮೇಲೆ ಆ ಭಾವನೆ ಬಲವಾಗಿದೆ. ಮಕ್ಕಳಿರುವ ಮನೆಯವರು ಇದನ್ನು ಕುರಿತು ಸ್ವಲ್ಪ ಆಲೋಚಿಸಬೇಕು. ಏಕೆಂದರೆ ಹೆದರಿಕೆಯಿಲ್ಲದೆ ವಿದ್ಯೆ ಹತ್ತದೆಂಬ ನಂಬಿಕೆ ನಮ್ಮ ಕಡೆ ಇನ್ನೂ ಅಳಿದಿಲ್ಲ.

ಹತ್ತನೆಯ ಶತಮಾನದ ಧನಂಜಯನು ತನ್ನ ದಶರೂಪಕವೆಂಬ ನಾಟ್ಯಗ್ರಂಥದಲ್ಲಿ, ರಸಾನುಭವದ ಕಾಲಕ್ಕೆ ಚಿತ್ತಕ್ಕೊದಗುವ ನಾಲ್ಕು ಅವಸ್ಥೆಗಳನ್ನು ಹೇಳಿದ್ದಾನೆ: ವಿಕಾಸ, ವಿಸ್ತರ, ಕ್ಷೋಭ, ವಿಕ್ಷೇಪ. ಶೃಂಗಾರ ಹಾಸ್ಯಗಳಲ್ಲಿ ಚಿತ್ತವು ಹೂವಿನಂತೆ ಅರಳುತ್ತದೆ. ವೀರ ಅದ್ಭುತಗಳಲ್ಲಿ ಹರಡಿಕೊಳ್ಳುತ್ತದೆ. ಬೀಭತ್ಸ ಭಯಾನಕಗಳಲ್ಲಿ ಕಲಕಿಹೋಗುತ್ತದೆ. ರೌದ್ರ ಕರುಣಗಳಲ್ಲಿ ಎಳೆದಾಡಿದಂತಾಗುತ್ತದೆ. ಇದು ನಾಟಕಶಾಲೆಯ ಪ್ರೇಕ್ಷಕನ ವಿಷಯವಾಗಿ ಹೇಳಿದ ಮಾತು. ಸಂಸಾರಕ್ಕೆ ಇದನ್ನು ಅನ್ವಯಿಸುವುದು ಶಾಸ್ತ್ರಸಮ್ಮತವಲ್ಲವೆಂದು ಆಲಂಕಾರಿಕರು ಆಕ್ಷೇಪಿಸಬಹುದು. ಆಕ್ಷೇಪಿಸಲಿ. ೧೯೯೮ರಲ್ಲಿ ಅಮೆರಿಕಾ ದೇಶದ ವಿದುಷಿ ಬಾರ್ಬರಾ ಫ್ರೆಡ್ರಿಕ್ಸನ್ ಅವರು ಸಂಸಾರಿಗಳನ್ನೇ ಕುರಿತು ಪ್ರತಿಪಾದಿಸಿದ್ದೂ ಇದಕ್ಕೆ ಬಹು ಸಮೀಪದ ತತ್ತ್ವ. ಭಯಕೋಪಗಳು ಮನಸ್ಸನ್ನು ಒಂದೇ ಕಾರ್ಯದ ಕಡೆಗೆ ನೂಕುತ್ತವೆ: ಓಡು, ಇಲ್ಲವೆ ಹೊಡೆ. ಗದ್ದೆಯ ಬದುವಿನಲ್ಲಿ ಹಾವು ಕಂಡಾಗ ಅದೇ ಸರಿ. ಅಲ್ಲಿ ನಿಂತು ನಾನಾ ವಿಧವಾಗಿ ಆಲೋಚಿಸುವವನು ಬದುಕುವುದಿಲ್ಲ. ಸಂತೋಷ, ಕುತೂಹಲ, ತೃಪ್ತಿ, ಪ್ರೀತಿಗಳಾದರೋ ಮನಸ್ಸಿನ ದೃಷ್ಟಿಯನ್ನು ಅಗಲ ಮಾಡುತ್ತವೆ. ಹಾಗೆ ಅಗಲವಾದ ವೇಳೆಯಲ್ಲಿ ಕಲಿತ ವಿದ್ಯೆ, ಕೂಡಿಬಂದ ಸ್ನೇಹ, ಪಡೆದ ಧೈರ್ಯಗಳು, ಆ ಸಂತೋಷವು ಮಾಯವಾದ ಬಳಿಕವೂ ಕೈಯಲ್ಲಿ ಉಳಿಯುತ್ತವೆ ಎಂಬುದು ಅವರ ವಾದ.

ಇದಕ್ಕೆ ಮುಂಚೆಯೇ, ೧೯೮೭ರಲ್ಲಿ, ಆಲಿಸ್ ಐಸನ್ ಎಂಬಾಕೆ ಸಂಗಡಿಗರೊಡನೆ ನಡೆಸಿದ ಪರೀಕ್ಷೆಯೊಂದು ಸ್ವಾರಸ್ಯವಾಗಿದೆ. ಒಂದು ಮೇಣದ ಬತ್ತಿ, ಬೆಂಕಿಕಡ್ಡಿಗಳು, ಸಣ್ಣ ಮೊಳೆಗಳು ತುಂಬಿದ ಒಂದು ರಟ್ಟಿನ ಪೆಟ್ಟಿಗೆ; ಇಷ್ಟನ್ನು ಕೊಟ್ಟು, ಕೆಳಗೆ ಮೇಣ ತೊಟ್ಟಿಕ್ಕದಂತೆ ಬತ್ತಿಯನ್ನು ಗೋಡೆಗೆ ನಿಲ್ಲಿಸಬೇಕೆಂದರು. ಉಪಾಯ ಸುಲಭ: ಮೊಳೆಗಳನ್ನು ಸುರಿದು, ಬರಿಯ ಪೆಟ್ಟಿಗೆಯನ್ನು ಗೋಡೆಗೆ ಹೊಡೆದು, ಅದರೊಳಗೆ ಬತ್ತಿಯನ್ನಿಡುವುದು. ಆದರೆ ಪೆಟ್ಟಿಗೆಯೆಂದರೆ ಮೊಳೆ ತುಂಬಿಡುವ ವಸ್ತುವೆಂಬ ಎಣಿಕೆ ಬಿಟ್ಟು ಹೋಗುವುದು ಕಷ್ಟ. ಮೊದಲು ಕೆಲವು ನಿಮಿಷ ನಗೆಯ ಚಲಚ್ಚಿತ್ರವನ್ನು ನೋಡಿದವರಲ್ಲಿ ಸುಮಾರು ಮುಕ್ಕಾಲು ಪಾಲು ಮಂದಿಗೆ ಉಪಾಯ ಹೊಳೆಯಿತು. ನೀರಸವಾದ ಚಿತ್ರವನ್ನು ನೋಡಿದವರಲ್ಲಿ ಐದನೆಯ ಒಂದು ಪಾಲಿಗೆ ಮಾತ್ರ. ಬುದ್ಧಿ ಎಲ್ಲರಿಗೂ ಹೆಚ್ಚುಕಡಿಮೆ ಒಂದೇ. ಕಿಟಕಿ ತೆರೆದಿತ್ತೋ ಮುಚ್ಚಿತ್ತೋ ಎಂಬುದೇ ವ್ಯತ್ಯಾಸ.

ನಮ್ಮ ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ ದೇವಾಲಯವನ್ನು ೧೨೪೬ರಲ್ಲಿ, ಹೊಯ್ಸಳ ಸೋಮೇಶ್ವರನ ಕಾಲದಲ್ಲಿ, ಬೊಮ್ಮಣ್ಣ ದಂಡನಾಯಕನು ಕಟ್ಟಿಸಿದನು. ಹೊರಗೋಡೆಯ ವಿಗ್ರಹಗಳಲ್ಲಿ ದಕ್ಷಿಣದ ಕಡೆಯವು ಬೈಚೋಜನ ಕೈಕೆಲಸ, ಉತ್ತರದ ಕಡೆಯವು ಮಲ್ಲಿತಮ್ಮನದು. ಆ ಗೋಡೆಯ ಮುಂದೆ ಹುಡುಗನನ್ನು ನಿಲ್ಲಿಸಿ, “ಅವತಾರಗಳ ಹೆಸರು ಹೇಳು” ಎಂದು ಗದರಿಸಿದರೆ, ಅವನ ಕಣ್ಣು ಗದರಿಸಿದವರ ಮುಖದ ಮೇಲಿರುತ್ತದೆಯೇ ಹೊರತು ಗೋಡೆಯ ಮೇಲಲ್ಲ. ಅವನ ಪಾಡಿಗೆ ಬಿಟ್ಟರೆ ಎರಡು ಸುತ್ತು ಬರುತ್ತಾನೆ. ಈ ಕಡೆಯ ಬೊಂಬೆಗೂ ಆ ಕಡೆಯದಕ್ಕೂ ಏಕೆ ಹೋಲಿಕೆಯಿಲ್ಲವೆಂದು ತಾನಾಗಿ ಕೇಳುತ್ತಾನೆ. ವಿಸ್ಮಯವನ್ನು ಭರತನು ಸ್ಥಾಯಿಭಾವಗಳಲ್ಲಿ ಸೇರಿಸಿರುವುದು ಸುಮ್ಮನಲ್ಲ.

ದೀರ್ಘಕಾಲದ ಫಲಕ್ಕೆ ಒಂದು ನಿದರ್ಶನ. ಅಮೆರಿಕಾದ ೧೮೦ ಮಂದಿ ಕ್ರೈಸ್ತ ಸಂನ್ಯಾಸಿನಿಯರು ಸುಮಾರು ೨೨ರ ಪ್ರಾಯದಲ್ಲಿ ಬರೆದಿಟ್ಟ ಆತ್ಮವೃತ್ತಾಂತಗಳನ್ನು ವಿದ್ವಾಂಸರು ಅವರ ಮುಪ್ಪಿನ ಕಾಲದಲ್ಲಿ ಪರಿಶೀಲಿಸಿ, ೨೦೦೧ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಬರೆಹದಲ್ಲಿ ಸಂತೋಷಭಾವ ಅತ್ಯಲ್ಪವಾಗಿದ್ದ ಕಾಲುಭಾಗದವರಲ್ಲಿ, ಅತ್ಯಧಿಕವಾಗಿದ್ದ ಕಾಲುಭಾಗದವರಿಗಿಂತ, ಮರಣದ ಸಂಭವವು ಸುಮಾರು ಎರಡೂವರೆ ಪಟ್ಟು ಹೆಚ್ಚಾಗಿತ್ತು. ಊಟ, ವಸತಿ, ದಿನಚರಿಗಳು ಬಹುಮಟ್ಟಿಗೆ ಒಂದೇ ಆಗಿದ್ದವರಲ್ಲಿ ಕಂಡ ಭೇದವಾದುದರಿಂದ ಇದಕ್ಕೆ ಬೆಲೆಯುಂಟು. ಆದರೂ ಸಂತೋಷವೇ ಆಯುಸ್ಸಿಗೆ ಕಾರಣವೆಂದು ಇಷ್ಟರಿಂದ ಸಿದ್ಧವಾಗದು. ಎರಡಕ್ಕೂ ಮೂಲವಾದ ಹುಟ್ಟುಗುಣವೊಂದು ಇದ್ದಿರಬಹುದು.

ಈ ಶಾಸ್ತ್ರದಲ್ಲಿ ಆತುರಗಾರರೂ ಇದ್ದಾರೆ. ಒಂದು ಅಹಿತಭಾವಕ್ಕೆ ಸುಮಾರು ಮೂರು ಹಿತಭಾವಗಳಿದ್ದರೆ ಮನುಷ್ಯನು ಏಳಿಗೆ ಹೊಂದುವನೆಂದು ೨೦೦೫ರಲ್ಲಿ ಫ್ರೆಡ್ರಿಕ್ಸನ್ ಅವರೇ ಲೊಸಾಡಾ ಎಂಬವರೊಡನೆ ಲೆಕ್ಕ ಹಾಕಿ ಬರೆದರು. ಆ ಗಣಿತಕ್ಕೆ ಬುಡವಿಲ್ಲವೆಂದು ೨೦೧೩ರಲ್ಲಿ ಮೂವರು ತೋರಿಸಿಕೊಟ್ಟ ಮೇಲೆ ಆ ಭಾಗವನ್ನು ಹಿಂತೆಗೆದುಕೊಳ್ಳಬೇಕಾಯಿತು. ಸಂತೋಷವನ್ನು ಸೇರು ಪಾವುಗಳಲ್ಲಿ ಅಳೆಯಲು ಹೊರಟರೆ ಹೀಗೆಯೇ. ಸಾವಾದ ಮನೆಗೆ ಹೋಗಿ ನಗುನಗುತ್ತಿರಿ ಎಂದು ಬೋಧಿಸುವವನು ವಿದ್ಯಾವಂತನಾದರೂ ಕ್ರೂರಿ, ಅಳುವವರು ಅಳಬೇಕು.

ಬೆಂಗಳೂರಿನಲ್ಲಿ ವೈದ್ಯರಾಗಿದ್ದ ಡಾಕ್ಟರ್ ಎಂ. ಶಿವರಾಂ ಅವರು (‘ರಾಶಿ’ ಎಂದರೆ ವಾಚಕರು ಬೇಗ ಗುರುತಿಸುವರು) ಇದನ್ನು ಚೆನ್ನಾಗಿ ಬಲ್ಲವರಾಗಿದ್ದರು. ಮಹಾಯುದ್ಧದ ನಡುವೆ, ೧೯೪೨ರಲ್ಲಿ, ಅವರು ‘ಕೊರವಂಜಿ’ ಎಂಬ ಹಾಸ್ಯಪತ್ರಿಕೆಯನ್ನು ಹೊರಡಿಸಿ ೧೯೬೭ರವರೆಗೆ ನಡೆಸಿದರು. ಅವರೇ ಮನಸ್ಸಿನ ಬೇನೆಗಳನ್ನು ಕುರಿತು ಬರೆದ ‘ಮನಮಂಥನ’ಕ್ಕೆ ೧೯೭೬ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು.

ನಮ್ಮ ಮನೆಗಳಲ್ಲಿ ಇದಕ್ಕೆಲ್ಲ ಪರೀಕ್ಷಾಸ್ಥಳವೆಂದರೆ ರಾತ್ರಿಯ ಊಟದ ಹೊತ್ತು. ಹುಡುಗನು ಅನ್ನಕ್ಕೆ ಸಾರು ಕಲಸುವ ಮೊದಲೇ “ಗಣಿತದಲ್ಲಿ ಎಷ್ಟು ಬಂತು?” ಎಂಬ ವಿಚಾರಣೆ ಆರಂಭವಾದರೆ ಅವನು ಅಂಕವನ್ನು ಹೇಳಿ ಬಾಯಿ ಮುಚ್ಚುತ್ತಾನೆ. “ಈ ಹೊತ್ತು ಏನೇನು ನೋಡಿದೆಯಪ್ಪ?” ಎಂದು ಅಜ್ಜಿ ಕೇಳಿದರೆ, ದಾರಿಯ ಕೆರೆ, ಹೊಸದಾಗಿ ಬಂದ ಹಕ್ಕಿ, ಗೆಳೆಯನ ಜಗಳ ಎಲ್ಲವೂ ಬರುತ್ತವೆ, ಮಜ್ಜಿಗೆಯನ್ನದ ವೇಳೆಗೆ, ಯಾರೂ ಕೇಳದಿದ್ದರೂ, ಬಿಡಿಸಲಾಗದ ಆ ಲೆಕ್ಕವೂ ಹೊರಕ್ಕೆ ಬರುತ್ತದೆ.