ಪವರ್‌ಪಾಯಿಂಟನ್ನು ಮುಚ್ಚಿಸುವ ಮುನ್ನ

ಅಜ್ಜಂಪುರದ ಈರುಳ್ಳಿ ವರ್ತಕರು ತಮ್ಮ ಲೆಕ್ಕಪತ್ರದ ತಂತ್ರಾಂಶದಿಂದಲೇ ಧಾರಣೆಯ ಸ್ಲೈಡುಗಳನ್ನು ಸಿದ್ಧಪಡಿಸಬಯಸಿದರೆ, ಆ ತಂತ್ರಾಂಶವು ಪವರ್‌ಪಾಯಿಂಟಿಗೆ ಆಜ್ಞೆಗಳನ್ನು ನೀಡಬೇಕಾಗುತ್ತದೆ. ಎಕ್ಸೆಲ್ ಏಕಕಾಲಕ್ಕೆ ಹಲವು ಪ್ರತಿಗಳಾಗಿ ನಡೆಯಬಲ್ಲದು. ಪವರ್‌ಪಾಯಿಂಟ್ ಹಾಗಲ್ಲ, ಒಬ್ಬ ಬಳಕೆದಾರರಿಗೆ ಒಂದೇ ಪ್ರತಿ. ಆದುದರಿಂದ ಕೆಲಸ ಮುಗಿದೊಡನೆ ತಂತ್ರಾಂಶವು ‘ಕ್ವಿಟ್’ ಎಂದರೆ, ವರ್ತಕರು ಗ್ರಾಹಕರಿಗಾಗಿ ತಯಾರಿಸುತ್ತಿದ್ದ, ಇನ್ನೂ ಉಳಿಸದ ಕಡತವೂ ನಷ್ಟವಾಗಬಹುದು.

ಇದಕ್ಕೆ ಪರಿಹಾರ ಸರಳ. ಕೋಡ್ ತಾನು ತೆರೆದ ಕಡತವನ್ನಷ್ಟೇ ‘ಕ್ಲೋಸ್’ ಮಾಡಬೇಕು, ಬಳಿಕ ‘ಪ್ರೆಸೆಂಟೇಶನ್ಸ್.ಕೌಂಟ್’ ಸೊನ್ನೆಯಾಗಿದ್ದರೆ ಮಾತ್ರ ‘ಕ್ವಿಟ್’ ಬಳಸಬೇಕು. ಆಮೇಲೂ ಟಾಸ್ಕ್ ಮ್ಯಾನೇಜರ್‌ನಲ್ಲಿ ಪವರ್‌ಪಾಯಿಂಟ್ ಕಾಣುತ್ತಿದ್ದರೆ, ಸ್ಲೈಡು, ಆಕೃತಿ ಮುಂತಾದವುಗಳ ಕೊಂಡಿಗಳನ್ನು ಕೋಡ್ ಬಿಡುಗಡೆ ಮಾಡಿದೆಯೇ ಎಂದು ಮೊದಲು ಪರಿಶೀಲಿಸಬೇಕು.

ತಂತ್ರಾಂಶ ಮಾಡಿಸುವವರು ಹಣ ಪಾವತಿಸುವ ಮುನ್ನ, ಬೇರೊಂದು ಪರೀಕ್ಷಾ ಕಡತವನ್ನು ತೆರೆದಿಟ್ಟೇ ಅದನ್ನು ನಡೆಸಿ ನೋಡುವುದು ಲೇಸು.