ತೆಂಗಿನ ಸೀಮೆಯಲ್ಲಿ ಪೇಟೆಂಟಿನ ಮಾತು: ತಪ್ಪು ಕಲ್ಪನೆ ಮತ್ತು ವಾಸ್ತವ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ಕೊಬ್ಬರಿ ಮಾರಿದ ದುಡ್ಡಿನಲ್ಲಿ ಮಕ್ಕಳನ್ನು ಎಂಜಿನಿಯರಿಂಗ್ ಓದಿಸಿದ ಮನೆಗಳು ಎಷ್ಟೋ ಇವೆ. ಹಾಗೆ ಓದಿದವರು ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಕಾರಿನ ಎಂಜಿನ್ನಿಗೆ, ಆಸ್ಪತ್ರೆಯ ಉಪಕರಣಕ್ಕೆ ಪೇಟೆಂಟ್ ಪಡೆದರು ಎಂಬ ಸುದ್ದಿ ಊರಿಗೆ ಬಂದರೆ ಹೆಮ್ಮೆಯಾಗುತ್ತದೆ. ಆಗಲೇಬೇಕು. ಆದರೆ ಆ ಸುದ್ದಿ ಕೊಬ್ಬರಿ ಮಂಡಿಯಿಂದ ಮದುವೆಮನೆಗೆ ಬರುವಷ್ಟರಲ್ಲಿ ಅದಕ್ಕೆ ಅಂಟಿಕೊಳ್ಳುವ ಮಾತುಗಳಲ್ಲಿ ಅರ್ಧಕ್ಕರ್ಧ ತಪ್ಪು. ನಾವೂ ಅವನ್ನೇ ಕೇಳಿ, ಅವನ್ನೇ ನಂಬಿ ಬೆಳೆದವರು. ಈ ತಪ್ಪುಗಳಿಂದ ಕೆಡುವುದು ಮುಂದೆ ಏನನ್ನಾದರೂ ಹೊಸದಾಗಿ ಮಾಡಬಲ್ಲ ನಮ್ಮ ಹುಡುಗ ಹುಡುಗಿಯರ ದಾರಿ. ಅದಕ್ಕೇ ಒಂದೊಂದನ್ನೂ ಎತ್ತಿಕೊಂಡು ನೋಡಬೇಕು.

ತಪ್ಪು ಕಲ್ಪನೆ: ಪೇಟೆಂಟ್ ಸಿಕ್ಕಿತೆಂದರೆ ಸರ್ಕಾರವೇ ಯಂತ್ರವನ್ನು ಓಡಿಸಿ ನೋಡಿ, ಚೆನ್ನಾಗಿದೆ ಎಂದು ಮೊಹರು ಒತ್ತಿದಂತೆ.

ವಾಸ್ತವ: ಪೇಟೆಂಟ್ ಕಚೇರಿ ಯಂತ್ರವನ್ನು ಓಡಿಸಿ ನೋಡುವುದಿಲ್ಲ. ಅದು ನೋಡುವುದು ಅರ್ಜಿಯಲ್ಲಿರುವ ವಿವರಣೆ ಮತ್ತು ನಕ್ಷೆ. ಇದು ಹೊಸದೇ? ಆ ಕಸುಬು ಬಲ್ಲವರಿಗೆ ತಾನಾಗಿಯೇ ಹೊಳೆಯುವಂಥದ್ದಲ್ಲವೇ? ತಯಾರಿಸಿ ಬಳಸಲು ಬರುತ್ತದೆಯೇ? ಮುಖ್ಯವಾಗಿ ಈ ಮೂರು ಪ್ರಶ್ನೆ. ಮೈಲೇಜ್ ಎಷ್ಟು ಎಂಬುದು ಅದರ ಪ್ರಶ್ನೆಯೇ ಅಲ್ಲ.

ಮೈಸೂರಿನ ಸೋಮೇಂದರ್ ಸಿಂಗ್ ಅವರ ಉದಾಹರಣೆ ನೋಡಿ. ರೇಸಿನಲ್ಲಿ ಪಳಗಿದ ಕೈ, ಎಂಜಿನ್ ಬಿಚ್ಚಿ ಜೋಡಿಸಿಯೇ ಕಲಿತ ವಿದ್ಯೆ. ಎಂಜಿನ್ನಿನಲ್ಲಿ ಪಿಸ್ಟನ್ ತುದಿಗೆ ಏರಿದಾಗ ಅದರ ತಲೆಗೂ ಸಿಲಿಂಡರ್ ಹೆಡ್ಡಿಗೂ ನಡುವೆ, ಅಂಚಿನಲ್ಲಿ, ತೆಳ್ಳನೆಯ ಸಂದು ಉಳಿಯುತ್ತದೆ. ಅಲ್ಲಿದ್ದ ಪೆಟ್ರೋಲು ಮತ್ತು ಗಾಳಿಯ ಮಿಶ್ರಣ ಹಿಂಡಿಸಿಕೊಂಡು ಸ್ಪಾರ್ಕ್ ಪ್ಲಗ್ಗಿನ ಕಡೆಗೆ ಚಿಮ್ಮುತ್ತದೆ. ಕದಡಿದ ಮಿಶ್ರಣ ಬೇಗ ಉರಿಯುತ್ತದೆ. ಇಷ್ಟು ಎಂಜಿನ್ ತಯಾರಕರಿಗೆ ಮೊದಲೇ ಗೊತ್ತಿತ್ತು. ಸಿಂಗ್ ಮಾಡಿದ್ದು, ಆ ಚಪ್ಪಟೆ ಜಾಗದಲ್ಲಿ ಒಳಮುಖವಾಗಿ ಗ್ರೂವ್‌ಗಳನ್ನು ಕೊರೆದು ಮಿಶ್ರಣ ಇನ್ನಷ್ಟು ಜೋರಾಗಿ ಕದಡುವಂತೆ ಮಾಡಿದ್ದು. 2001ರಲ್ಲಿ ಅದಕ್ಕೆ ಅಮೆರಿಕದ ಪೇಟೆಂಟ್ ಬಂತು, ಸಂಖ್ಯೆ 6,237,579. ಇಂಧನ ಕಡಿಮೆ ಸಾಕು, ಎಂಜಿನ್ ಕಡಿಮೆ ಬಿಸಿಯಾಗುತ್ತದೆ ಎಂಬುದು ಅವರ ವಾದ. 2004ರಲ್ಲಿ ಅಮೆರಿಕದ ಪಾಪ್ಯುಲರ್ ಸೈನ್ಸ್ ಪತ್ರಿಕೆ ಅವರ ಬಗ್ಗೆ ದೀರ್ಘ ಲೇಖನ ಬರೆಯಿತು.

ಇಲ್ಲಿ ಎರಡು ಸಂಗತಿಗಳನ್ನು ಬೇರೆಬೇರೆ ಇಟ್ಟುಕೊಳ್ಳಬೇಕು. ಈ ವಿನ್ಯಾಸ ಹೊಸದು ಎಂದು ಪೇಟೆಂಟ್ ಒಪ್ಪಿದೆ. ಇಂಧನ ಎಷ್ಟು ಉಳಿಯಿತು ಎಂಬುದನ್ನು ಹೇಳಬೇಕಾದದ್ದು ಡೈನಮೋಮೀಟರ್: ಅದೇ ಎಂಜಿನ್, ಅದೇ ಇಂಧನ, ಅದೇ ಹೊರೆ, ಗ್ರೂವ್ ಇದ್ದಾಗ ಮತ್ತು ಇಲ್ಲದಿದ್ದಾಗ, ಸಂಬಂಧವಿಲ್ಲದ ಮೂರನೆಯವರು, ಹಲವು ಬಾರಿ. ಹಾಗೆಂದು ಸಿಂಗ್ ಅವರ ಮಾತು ಸುಳ್ಳೆನ್ನುವುದೂ ಅನ್ಯಾಯ. ಪೇಟೆಂಟ್ ಆ ಮಾತನ್ನು ರುಜುವಾತು ಮಾಡಿಲ್ಲ, ಅಲ್ಲಗಳೆದೂ ಇಲ್ಲ.

ವೈದ್ಯಕೀಯ ಉಪಕರಣದಲ್ಲಿ ಈ ಗೊಂದಲ ಇನ್ನೂ ಅಪಾಯಕಾರಿ. ಪೇಟೆಂಟ್ ಇದೆ ಎಂದು ಜಾಹೀರಾತಿನಲ್ಲಿ ಕಂಡದ್ದೆಲ್ಲ ಮೈಗೆ ಹಾಕಿಕೊಳ್ಳಲು ಸುರಕ್ಷಿತ ಎಂದಲ್ಲ. ಸುರಕ್ಷತೆಯ ದಾರಿಯೇ ಬೇರೆ. ನಮ್ಮಲ್ಲಿ ಅದಕ್ಕೆ 2018ರ ಜನವರಿ 1ರಿಂದ ಜಾರಿಯಲ್ಲಿರುವ ವೈದ್ಯಕೀಯ ಸಾಧನಗಳ ನಿಯಮಗಳಿವೆ. ಪೇಟೆಂಟ್ ಇದ್ದೂ ಮಾರಾಟದ ಅನುಮತಿ ಇಲ್ಲದ ಉಪಕರಣ ಇರಬಹುದು. ಅನುಮತಿ ಇದ್ದು ಪೇಟೆಂಟ್ ಇಲ್ಲದವು ಬೇಕಾದಷ್ಟಿವೆ.

ತಪ್ಪು ಕಲ್ಪನೆ: ಎಂಜಿನ್ ಕೆಲಸ ಮಾಡುವವನಿಗೆ ಆಸ್ಪತ್ರೆಯಲ್ಲಿ ಏನು ಕೆಲಸ? ಎರಡರಲ್ಲೂ ಪೇಟೆಂಟ್ ಇದೆ ಎಂದರೆ ಒಂದು ಸುಳ್ಳಿರಲೇಬೇಕು.

ವಾಸ್ತವ: 1952ರ ಜುಲೈ 3ರಂದು ಡೆಟ್ರಾಯಿಟ್‌ನ ಹಾರ್ಪರ್ ಆಸ್ಪತ್ರೆಯಲ್ಲಿ ಡಾ. ಫಾರೆಸ್ಟ್ ಡಾಡ್ರಿಲ್ ಒಬ್ಬ ರೋಗಿಯ ಹೃದಯದ ಶಸ್ತ್ರಚಿಕಿತ್ಸೆ ಮಾಡಿದರು. ಸುಮಾರು 50 ನಿಮಿಷ ಆ ಹೃದಯದ ಎಡಭಾಗದ ಕೆಲಸವನ್ನು ಹೊರಗಿದ್ದ ಯಂತ್ರವೊಂದು ಮಾಡಿತು. ಆ ಯಂತ್ರವನ್ನು ಕಟ್ಟಿಕೊಟ್ಟವರು ಜನರಲ್ ಮೋಟಾರ್ಸ್ ಸಂಶೋಧನಾಲಯದ ಎಂಜಿನಿಯರುಗಳು. ಆ ಯಂತ್ರ ನೋಡಲೂ ಹನ್ನೆರಡು ಸಿಲಿಂಡರಿನ ಕಾರಿನ ಎಂಜಿನ್ನಿನಂತೆಯೇ ಇತ್ತು. ರೋಗಿ ಬದುಕಿದ.

ಇದರಲ್ಲಿ ಪವಾಡವೇನಿಲ್ಲ. ದ್ರವವನ್ನು ಅಳತೆ ತಪ್ಪದೆ ತಳ್ಳುವುದು, ಕವಾಟ ಸರಿಯಾದ ಗಳಿಗೆಯಲ್ಲಿ ತೆರೆದು ಮುಚ್ಚುವುದು, ಒತ್ತಡ ಹಿಡಿದಿಡುವುದು, ಸೋರದಂತೆ ನೋಡಿಕೊಳ್ಳುವುದು: ಎಂಜಿನ್ನಿನಲ್ಲಿ ದಿನವೂ ಎದುರಾಗುವ ಸಮಸ್ಯೆಗಳೇ ಇವು. ಹೊಸದಾಗಿ ಕಲಿಯಬೇಕಾದದ್ದೂ ಇದೆ. ರಕ್ತ ಎಣ್ಣೆಯಲ್ಲ. ಒರಟಾಗಿ ತಳ್ಳಿದರೆ ಅದರ ಕಣಗಳು ಒಡೆಯುತ್ತವೆ, ನಿಂತರೆ ಹೆಪ್ಪುಗಟ್ಟುತ್ತದೆ. ಅದನ್ನು ಹೇಳಿಕೊಡಲು ವೈದ್ಯರು ಜೊತೆಗಿರಬೇಕು. ಡಾಡ್ರಿಲ್ ಇದ್ದರು.

ದೇಹದೊಳಗೆ ಇಡುವ ಪೇಸ್‌ಮೇಕರಿಗೆ 1962ರಲ್ಲಿ ಅಮೆರಿಕದ ಪೇಟೆಂಟ್ ಪಡೆದ ವಿಲ್ಸನ್ ಗ್ರೇಟ್‌ಬ್ಯಾಚ್ ಕೂಡ ವೈದ್ಯರಲ್ಲ, ಎಲೆಕ್ಟ್ರಿಕಲ್ ಎಂಜಿನಿಯರ್. ನಮ್ಮ ಬೆಂಗಳೂರಿನಲ್ಲೇ, 2010ರಲ್ಲಿ ಶುರುವಾದ ಫೋರಸ್ ಹೆಲ್ತ್ ಕಣ್ಣಿನ ಒಳಪದರವನ್ನು ಚಿತ್ರಿಸುವ ತ್ರಿನೇತ್ರ ಎಂಬ ಉಪಕರಣ ತಯಾರಿಸಿತು. ಹಳ್ಳಿಯ ಶಿಬಿರಕ್ಕೆ ಹೊತ್ತೊಯ್ಯಬಹುದಾದ ಯಂತ್ರ ಅದು. ಅದರ ಸ್ಥಾಪಕರಾದ ಕೆ. ಚಂದ್ರಶೇಖರ್, ಶ್ಯಾಮ್ ವಾಸುದೇವ ರಾವ್ ಇಬ್ಬರೂ ಎಂಜಿನಿಯರಿಂಗ್ ಕಡೆಯಿಂದಲೇ ಬಂದವರು.

ತಪ್ಪು ಕಲ್ಪನೆ: ಹತ್ತು ಪೇಟೆಂಟಿನಲ್ಲಿ ಹೆಸರಿದ್ದರೆ ಹತ್ತು ಕೋಟಿ ಬಂದಂತೆ.

ವಾಸ್ತವ: ಪೇಟೆಂಟ್ ಪತ್ರದಲ್ಲಿ ಕಂಡುಹಿಡಿದವರ ಹೆಸರು ಒಂದೆಡೆ, ಒಡೆಯರ ಹೆಸರು ಇನ್ನೊಂದೆಡೆ. ಕಂಪನಿಯ ಸಂಬಳದಲ್ಲಿದ್ದು ಕಂಡುಹಿಡಿದದ್ದರ ಒಡೆತನ ಕೆಲಸದ ಕರಾರಿನ ಪ್ರಕಾರ ಬಹುಪಾಲು ಕಂಪನಿಗೇ ಹೋಗುತ್ತದೆ. ಒಡೆಯರಿಗೆ ಸಿಗುವುದೂ ದುಡ್ಡಲ್ಲ, ಬೇರೆಯವರು ಅದನ್ನು ಮಾಡದಂತೆ ತಡೆಯುವ ಹಕ್ಕು. ಕೊಳ್ಳುವವರು ಬಂದರೆ ಆ ಹಕ್ಕಿಗೆ ಬೆಲೆ. ಕೆಲವರು ತಡೆಯದೆಯೂ ಬಿಡುತ್ತಾರೆ: ವೋಲ್ವೋ ಎಂಜಿನಿಯರ್ ನೀಲ್ಸ್ ಬೋಲಿನ್ 1959ರ ಹೊತ್ತಿಗೆ ರೂಪಿಸಿದ ಮೂರು ಬಿಂದುವಿನ ಸೀಟ್ ಬೆಲ್ಟಿನ ಪೇಟೆಂಟನ್ನು ಕಂಪನಿ ಎಲ್ಲ ಕಾರು ತಯಾರಕರಿಗೂ ಬಿಟ್ಟುಕೊಟ್ಟಿತು. ಇವತ್ತು ನಾವು ಎಳೆದು ಸಿಕ್ಕಿಸಿಕೊಳ್ಳುವ ಬೆಲ್ಟು ಅದೇ.

ತಪ್ಪು ಕಲ್ಪನೆ: ನೀರಿನಲ್ಲೇ ಓಡುವ ಕಾರಿಗೆ ಎಂದೋ ಪೇಟೆಂಟ್ ಸಿಕ್ಕಿದೆ. ಪೆಟ್ರೋಲ್ ಕಂಪನಿಗಳು ಅದನ್ನು ಕೊಂಡು ಬಚ್ಚಿಟ್ಟಿವೆ, ಕಂಡುಹಿಡಿದವನನ್ನು ಮುಗಿಸಿವೆ.

ವಾಸ್ತವ: ಈ ಮಾತು ಮೊಬೈಲಿನಲ್ಲಿ ಮತ್ತೆ ಮತ್ತೆ ಬರುತ್ತದೆ. ಪೆಟ್ರೋಲ್ ಬೆಲೆ ಏರಿದಾಗಲೆಲ್ಲ ನಂಬಲು ಮನಸ್ಸೂ ಆಗುತ್ತದೆ. ಆದ್ದರಿಂದ ತಾಳ್ಮೆಯಿಂದ ಉತ್ತರಿಸಬೇಕು.

ಮೊದಲನೆಯದು, ಪೇಟೆಂಟನ್ನು ಬಚ್ಚಿಡಲಾಗದು. ವಿದ್ಯೆಯನ್ನು ಎಲ್ಲರೆದುರು ಬಿಚ್ಚಿಡುವುದೇ ಪೇಟೆಂಟಿನ ಷರತ್ತು. ಅರ್ಜಿ ಹಾಕಿದ 18 ತಿಂಗಳ ನಂತರ ಸಾಮಾನ್ಯವಾಗಿ ಅದು ಪ್ರಕಟವಾಗುತ್ತದೆ. 20 ವರ್ಷ ಕಳೆದರೆ ಹಕ್ಕು ಮುಗಿದು ಸರ್ವರ ಸ್ವತ್ತಾಗುತ್ತದೆ. ಒಂದು ಗ್ಯಾಲನ್‌ಗೆ 200 ಮೈಲಿ ಓಡಿಸುತ್ತದೆಂದು ಹೆಸರಾದ ಕೆನಡಾದ ಚಾರ್ಲ್ಸ್ ಪೋಗ್ ಅವರ ಕಾರ್ಬ್ಯುರೇಟರಿಗೆ ಪೇಟೆಂಟ್ ಬಂದದ್ದು 1930ರ ದಶಕದಲ್ಲಿ. ಅದರ ಅವಧಿ ಮುಗಿದು ದಶಕಗಳೇ ಕಳೆದಿವೆ. ನಕ್ಷೆ ನೋಡಿಕೊಂಡು ತಿಪಟೂರಿನ ಯಾವ ಲೇತಿನಲ್ಲಿ ಬೇಕಾದರೂ ಮಾಡಬಹುದು, ತಡೆಯುವವರಿಲ್ಲ. ಆದರೂ ಜಗತ್ತಿನಲ್ಲಿ ಯಾವ ಕಾರೂ ಅದರಿಂದ ಹಾಗೆ ಓಡುತ್ತಿಲ್ಲ.

ಎರಡನೆಯದು, ನೀರು ಉರಿಯುವ ವಸ್ತುವಲ್ಲ, ಹೈಡ್ರೋಜನ್ ಉರಿದು ಮುಗಿದ ಮೇಲೆ ಉಳಿಯುವ ವಸ್ತು. ಅದನ್ನು ಮತ್ತೆ ಒಡೆಯಲು ಬೇಕಾದ ಶಕ್ತಿ, ಆ ಹೈಡ್ರೋಜನ್ ಉರಿಸಿ ಪಡೆಯುವ ಶಕ್ತಿಗಿಂತ ಎಂದೂ ಕಡಿಮೆಯಿರದು. ಬ್ಯಾಟರಿಯಿಂದ ನೀರು ಒಡೆಯುತ್ತೇವೆ ಎನ್ನುತ್ತಾರೆ. ಆ ಬ್ಯಾಟರಿಯನ್ನು ಚಾರ್ಜ್ ಮಾಡುವುದು ಎಂಜಿನ್, ಎಂಜಿನ್ ಓಡುವುದು ಪೆಟ್ರೋಲಿನಿಂದ. ನೀರಿನ ಕಾರಿನ ಪೇಟೆಂಟ್ ತೋರಿಸಿ ಹಣ ಹೂಡಿಸಿಕೊಂಡ ಅಮೆರಿಕದ ಸ್ಟಾನ್ಲಿ ಮೇಯರ್ ವಿರುದ್ಧ 1996ರಲ್ಲಿ ಓಹಾಯೋ ನ್ಯಾಯಾಲಯ ವಂಚನೆಯ ತೀರ್ಪು ಕೊಟ್ಟಿತು. ಅವರ ಸಾಧನದಲ್ಲಿ ಮಾಮೂಲಿ ವಿದ್ಯುದ್ವಿಭಜನೆಗಿಂತ ಹೆಚ್ಚೇನೂ ಇಲ್ಲವೆಂದು ತಜ್ಞರು ಹೇಳಿದ್ದರು. 1998ರಲ್ಲಿ ಅವರು ತೀರಿಕೊಂಡಾಗ ವಿಷವಿಟ್ಟರೆಂಬ ಸುದ್ದಿ ಹಬ್ಬಿತು. ತನಿಖೆಯಲ್ಲಿ ಕಂಡದ್ದು ಮಿದುಳಿನ ರಕ್ತನಾಳದ ತೊಂದರೆ. ಅದೇ 1996ರಲ್ಲಿ ಪಕ್ಕದ ತಮಿಳುನಾಡಿನ ರಾಮರ್ ಪಿಳ್ಳೈ ಮೂಲಿಕೆಯಿಂದ ಪೆಟ್ರೋಲ್ ಮಾಡುತ್ತೇನೆಂದಾಗ ದೇಶವೇ ಬೆರಗಾಗಿತ್ತು. ನಾವೂ ಕುತೂಹಲದಿಂದ ಕಾದವರೇ. 2016ರಲ್ಲಿ ಚೆನ್ನೈ ನ್ಯಾಯಾಲಯ ಅವರಿಗೆ ವಂಚನೆಗಾಗಿ ಶಿಕ್ಷೆ ವಿಧಿಸಿತು.

ತಪ್ಪು ಕಲ್ಪನೆ: ಇಂಟರ್‌ನ್ಯಾಷನಲ್ ಪೇಟೆಂಟ್ ಪಡೆದರೆ ಇಡೀ ಜಗತ್ತಿಗೆ ಬೇಲಿ ಹಾಕಿದಂತೆ.

ವಾಸ್ತವ: ಅಂಥ ಪೇಟೆಂಟೇ ಇಲ್ಲ. ಭಾರತದ ಪೇಟೆಂಟ್ ಭಾರತದಲ್ಲಿ, ಅಮೆರಿಕದ್ದು ಅಮೆರಿಕದಲ್ಲಿ. 1998ರಲ್ಲಿ ಭಾರತ ಸೇರಿದ ಪೇಟೆಂಟ್ ಸಹಕಾರ ಒಪ್ಪಂದದಡಿ ಒಂದೇ ಅರ್ಜಿಯಿಂದ ಹಲವು ದೇಶಗಳ ದಾರಿ ತೆರೆಯಬಹುದು, ಅಷ್ಟೇ. ಕೊಡುವುದೋ ಬಿಡುವುದೋ ಆಯಾ ದೇಶದ ಕಚೇರಿಗೆ ಬಿಟ್ಟದ್ದು. ಅರ್ಜಿಯ ರಸೀದಿಗೆ ಚೌಕಟ್ಟು ಹಾಕಿ ಸನ್ಮಾನ ಮಾಡುವುದು ನಿಲ್ಲಬೇಕು.

ತಪ್ಪು ಕಲ್ಪನೆ: ಹೊರಗಿನವರು ನಮ್ಮ ಉಂಡೆ ಕೊಬ್ಬರಿಗೂ ಪೇಟೆಂಟ್ ಮಾಡಿಸಿ, ಅಟ್ಟಕ್ಕೆ ಕಾಯಿ ಹಾಕಲೂ ನಮ್ಮಿಂದ ಹಣ ಕೇಳುತ್ತಾರೆ.

ವಾಸ್ತವ: ಭಯಕ್ಕೆ ಕಾರಣವಿದೆ. ಗಾಯಕ್ಕೆ ಅರಿಸಿನ ಹಚ್ಚುವುದಕ್ಕೆ 1995ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಕೊಟ್ಟಿದ್ದು ನಿಜ. ನಮ್ಮ ಸಿಎಸ್‌ಐಆರ್ ಹಳೆಯ ಬರಹಗಳ ದಾಖಲೆ ಮುಂದಿಟ್ಟಿತು, 1997ರಲ್ಲಿ ಅದು ರದ್ದಾಯಿತು. ಮೊದಲೇ ಗೊತ್ತಿದ್ದದ್ದು ಹೊಸದಾಗಲಾರದು. ನಮ್ಮ ಪೇಟೆಂಟ್ ಕಾಯ್ದೆಯೂ ಪಾರಂಪರಿಕ ಜ್ಞಾನಕ್ಕೆ ಪೇಟೆಂಟ್ ಕೊಡಬಾರದೆನ್ನುತ್ತದೆ. ಕಾಯನ್ನು ತಿಂಗಳುಗಟ್ಟಲೆ ಅಟ್ಟದಲ್ಲಿ ಒಣಗಿಸುವ ಪದ್ಧತಿ ನಮ್ಮದಾಗಿಯೇ ಇರುತ್ತದೆ. ಒಣಗಿದ್ದನ್ನು ಅಳೆಯುವ ಹೊಸ ಉಪಕರಣವೊಂದನ್ನು ಯಾರಾದರೂ ಮಾಡಿದರೆ ಆ ಉಪಕರಣಕ್ಕೆ ಪೇಟೆಂಟ್ ಕೇಳಬಹುದು. ಅದನ್ನು ಮಾಡುವವರು ನಮ್ಮವರೇ ಆದರೆ ಒಳ್ಳೆಯದು.

ತಪ್ಪು ಕಲ್ಪನೆ: ಪೇಟೆಂಟ್ ಲಕ್ಷಾಧಿಪತಿಗಳ ಕೆಲಸ. ಮೊದಲು ಯಂತ್ರವನ್ನು ಎಲ್ಲರಿಗೂ ತೋರಿಸೋಣ, ಹೆಸರು ಬಂದಮೇಲೆ ಅರ್ಜಿ ಹಾಕೋಣ.

ವಾಸ್ತವ: ವ್ಯಕ್ತಿಯೊಬ್ಬರು ಆನ್‌ಲೈನಿನಲ್ಲಿ ಸಲ್ಲಿಸುವ ಅರ್ಜಿಗೆ ಮೂಲ ಶುಲ್ಕ ₹1,600. ಪರಿಶೀಲನೆಯ ಕೋರಿಕೆಗೆ ಬೇರೆ ₹4,000. ಏಜೆಂಟರ ಸಂಭಾವನೆ, ಮುಂದಿನ ವರ್ಷಗಳ ನವೀಕರಣ ಶುಲ್ಕ ಬೇರೆ ಇವೆ. ಕರ್ನಾಟಕದವರ ಅರ್ಜಿ ಚೆನ್ನೈ ಕಚೇರಿಗೆ ಹೋಗುತ್ತದೆ. ಪದವಿಯಿಲ್ಲದ ಕಸುಬುದಾರರಿಗೆ ರಾಷ್ಟ್ರೀಯ ನಾವೀನ್ಯ ಪ್ರತಿಷ್ಠಾನ ನೆರವಾಗುತ್ತದೆ. ಹುಣಸೆಬೀಜ ಬೇರ್ಪಡಿಸುವ ಯಂತ್ರ ಮಾಡಿ, 2022ರಲ್ಲಿ ಪದ್ಮಶ್ರೀ ಪಡೆದ ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ ಅವರನ್ನು ಗುರುತಿಸಿದ ಸಂಸ್ಥೆ ಅದು.

ದುಡ್ಡಿಗಿಂತ ಹೆಚ್ಚಾಗಿ ಅವಸರದಿಂದಲೇ ಪೇಟೆಂಟ್ ಕೈತಪ್ಪುತ್ತದೆ. ಕಾಯಿ ಸುಲಿಯುವ ಹೊಸ ಯಂತ್ರದ ವಿಡಿಯೋ ಊರಿಗೆಲ್ಲ ಹಂಚಿದ ಮೇಲೆ ಅದು ಕಾನೂನಿನ ಕಣ್ಣಿಗೆ ಹೊಸದಲ್ಲ. ಕೇಂದ್ರ ಸರ್ಕಾರ ಗೆಜೆಟ್‌ನಲ್ಲಿ ಹೆಸರಿಸಿದ ಪ್ರದರ್ಶನಗಳಿಗೆ 12 ತಿಂಗಳ ವಿನಾಯಿತಿ ಇದೆ. ಜಾತ್ರೆಯ ಮಳಿಗೆಗೆ, ಕಾಲೇಜಿನ ಪ್ರಾಜೆಕ್ಟ್ ಪ್ರದರ್ಶನಕ್ಕೆ ಸಾಮಾನ್ಯವಾಗಿ ಅದು ಸಿಗದು. ಯಂತ್ರ ಇನ್ನೂ ಪೂರ್ತಿಯಾಗಿಲ್ಲದಿದ್ದರೆ ತಾತ್ಕಾಲಿಕ ವಿವರಣೆಯೊಂದಿಗೇ ಅರ್ಜಿ ಸಲ್ಲಿಸಿ, ಪೂರ್ಣ ವಿವರಣೆಯನ್ನು 12 ತಿಂಗಳೊಳಗೆ ಕೊಡಬಹುದು. ಪ್ರದರ್ಶನದ ಹಿಂದಿನ ದಿನ ಈ ಅರ್ಜಿ ಸಲ್ಲಿಕೆಯಾಗಿದ್ದರೂ ಸಾಕು. ಮರುದಿನವಾದರೆ ತಡ.